ಡಾರ್ಕೊಗೆ ಸಿಕ್ಕಿದ್ದು 160 ನಿಮಿಷ

ಎರಡು ತಿಂಗಳಿಂದ ಬಂದ ಪ್ರಶ್ನೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಡಿಫೆನ್ಸ್ ಬಗ್ಗೆ ಒಂದೂ ಇಲ್ಲ. ಫ್ರೀ ಥ್ರೋ ಬಗ್ಗೆ ಒಂದೂ ಇಲ್ಲ. ಮುಕ್ಕಾಲು ಪಾಲು ಒಂದೇ ರಾಗ: ಹೊರದೇಶದಿಂದ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೆ ಹೋಗಿ ‘ಫ್ಲಾಪ್’ ಆದವರ ಕಥೆ ಹೇಳಿ ಸಾರ್. ಸರಿ, ಈ ಸಲ ಅದನ್ನೇ ಮುಗಿಸಿಬಿಡೋಣ. ಡ್ರಾಫ್ಟ್ ಅಂದರೆ ತಂಡಗಳು ವರ್ಷಕ್ಕೊಮ್ಮೆ ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ, ಹೆಚ್ಚು ಸೋತವರಿಗೆ ಸಾಮಾನ್ಯವಾಗಿ ಮೊದಲ ಸರದಿ; ಇದಕ್ಕಿಂತ ಹೆಚ್ಚು ನಾನು ವಿವರಿಸೋದಿಲ್ಲ. ಅದು ಗೊತ್ತಿಲ್ಲದವರು ಈ ಪ್ರಶ್ನೆ ಕೇಳುವುದೂ ಇಲ್ಲ.

2003ರ ಡ್ರಾಫ್ಟ್‌ನಲ್ಲಿ ಲೆಬ್ರಾನ್ ಜೇಮ್ಸ್ ಆದ ಮೇಲೆ ಎರಡನೆಯವನಾಗಿ ಆಯ್ಕೆಯಾದ ಸರ್ಬಿಯಾದ ಡಾರ್ಕೊ ಮಿಲಿಚಿಚ್ ಯಾಕೆ ಹಾಳಾದ? ಸೋಮಾರಿ ಅಂತಾರೆ, ನಿಜವಾ? (ಮೈಸೂರಿನ ಓದುಗರು. ಇದೇ ಪ್ರಶ್ನೆ ಇನ್ನೂ ಹನ್ನೊಂದು ಜನರಿಂದ.)

ಅವನ ಹಿಂದೆಯೇ ಆಯ್ಕೆಯಾಗಿ ದೊಡ್ಡ ತಾರೆಗಳಾದವರು ಕಾರ್ಮೆಲೊ ಆಂಥನಿ, ಕ್ರಿಸ್ ಬಾಷ್, ಡ್ವೇನ್ ವೇಡ್. ಈ ಪಟ್ಟಿ ನನಗೂ ಬಾಯಿಪಾಠ. ದಯವಿಟ್ಟು ಇನ್ನು ಯಾರೂ ಬರೆದು ಕಳಿಸಬೇಡಿ.

‘ಸೋಮಾರಿ’ ಅನ್ನೋದು ಸುಲಭದ ಉತ್ತರ. ನನಗೆ ಸಿಟ್ಟು ಬರಿಸೋದೂ ಅದೇ. ಅವನನ್ನು ಆರಿಸಿದ ಡೆಟ್ರಾಯಿಟ್ ಪಿಸ್ಟನ್ಸ್ ಆ ವರ್ಷ ಸೋತು ಸುಣ್ಣವಾದ ತಂಡ ಆಗಿರಲಿಲ್ಲ. ಹಿಂದಿನ ಸೀಸನ್‌ನಲ್ಲಿ 50 ಪಂದ್ಯ ಗೆದ್ದಿತ್ತು. ಅಂಥ ತಂಡಕ್ಕೆ ಎರಡನೇ ಆಯ್ಕೆ ಹೇಗೆ ಸಿಕ್ಕಿತು? 1997ರಲ್ಲಿ ಓಟಿಸ್ ಥೋರ್ಪ್ ಎಂಬ ಆಟಗಾರನನ್ನು ವ್ಯಾಂಕೂವರ್ ತಂಡಕ್ಕೆ ಕೊಟ್ಟಾಗ, ಬದಲಿಗೆ ಮುಂದೊಂದು ವರ್ಷದ ಮೊದಲ ಸುತ್ತಿನ ಆಯ್ಕೆ ನಮಗೆ ಅಂತ ಬರೆಸಿಕೊಂಡಿದ್ದರು. ಆ ಸಾಲ ತೀರಿದ್ದು ಆರು ವರ್ಷದ ಮೇಲೆ. ಹಾಗಾಗಿ ಒಬ್ಬ ಹಸಿ ಹುಡುಗ, ಚಾಂಪಿಯನ್ ಆಗೋಕೆ ತಯಾರಾಗಿ ನಿಂತಿದ್ದ ತಂಡದ ಮಧ್ಯೆ ಬಂದು ಬಿದ್ದ. ಡ್ರಾಫ್ಟ್ ನಡೆದ ದಿನ ಅವನಿಗೆ 18 ತುಂಬಿ ಆರೇ ದಿನ ಆಗಿತ್ತು.

ಲೆಬ್ರಾನ್‌ಗೂ 18 ಅಲ್ವಾ ಅಂತ ನೀವು ಕೇಳುತ್ತೀರಿ, ಗೊತ್ತು. ಆದರೆ ಅವನು ಹೋದ ಕ್ಲೀವ್‌ಲ್ಯಾಂಡ್ ಹಿಂದಿನ ವರ್ಷ ಗೆದ್ದಿದ್ದು 17 ಪಂದ್ಯ. ಕಾರ್ಮೆಲೊ ಹೋದ ಡೆನ್ವರ್ ಗೆದ್ದಿದ್ದೂ 17. ಕಳೆದುಕೊಳ್ಳೋಕೆ ಏನೂ ಇಲ್ಲದ ಮನೆಗಳು. ಚೆಂಡು ಕೈಗೆ ಕೊಟ್ಟು, ಆಡಪ್ಪಾ ಅಂದರು. ಲೆಬ್ರಾನ್ ಮೊದಲ ವರ್ಷವೇ ಪಂದ್ಯಕ್ಕೆ 39 ನಿಮಿಷಕ್ಕಿಂತ ಜಾಸ್ತಿ ಆಡಿದ. ತಪ್ಪು ಮಾಡಿದ, ಮರುದಿನ ಮತ್ತೆ ಆಡಿದ.

ಡಾರ್ಕೊ? 82 ಪಂದ್ಯಗಳ ಸೀಸನ್‌ನಲ್ಲಿ ಅವನು ಅಂಗಳಕ್ಕೆ ಇಳಿದದ್ದು 34ರಲ್ಲಿ. ಪಂದ್ಯಕ್ಕೆ ಐದು ನಿಮಿಷವೂ ಇಲ್ಲ. ಎಲ್ಲ ಕೂಡಿಸಿದರೆ 160 ನಿಮಿಷದ ಆಸುಪಾಸು. ಒಂದು ಪಂದ್ಯ 48 ನಿಮಿಷ. ಅಂದರೆ ಇಡೀ ವರ್ಷಕ್ಕೆ ಮೂರು ಪಂದ್ಯ, ಮೇಲೆ ಚೂರುಪಾರು.

ಆ ಚೂರುಪಾರು ಹೇಗಿತ್ತು ಅಂತ ಹೇಳುತ್ತೇನೆ, ಹಳೇ ಪಂದ್ಯಗಳನ್ನು ಕೂತು ನೋಡಿದ್ದೇನೆ. ಕೊನೆಯ ಎರಡು ನಿಮಿಷ. ಪಿಸ್ಟನ್ಸ್ ಇಪ್ಪತ್ತು ಪಾಯಿಂಟ್ ಮುಂದೆ. ಗೆಲುವು ಖಾತ್ರಿ. ಗ್ಯಾಲರಿಯಲ್ಲಿ ‘ಡಾರ್ಕೊ, ಡಾರ್ಕೊ’ ಕೂಗು ಶುರು. ಅಭಿಮಾನದ ಕೂಗಲ್ಲ ಅದು, ಗೇಲಿ. ಹುಡುಗ ಮೇಲಂಗಿ ಕಿತ್ತು ಬೆಂಚಿನ ಮೇಲೆ ಎಸೆದು ಬರುತ್ತಾನೆ. ಎರಡು ಗಂಟೆ ಕೂತ ಕಾಲು, ತಣ್ಣಗಾದ ಕೈ. ಚೆಂಡು ಕೈಗೆ ಬಂದ ಕೂಡಲೇ ಜನ ‘ಹೊಡಿ’ ಅಂತ ಕಿರುಚುತ್ತಾರೆ. ಹೊಡೆಯುತ್ತಾನೆ. ತಪ್ಪುತ್ತೆ. ನಗು. ಗೆದ್ದ ಖುಷಿಗೆ ಹಚ್ಚುವ ಸಿಗಾರ್ ಅಂತಲೇ ಅವನಿಗೆ ಹೆಸರು ಬಿತ್ತು. ಇದರಲ್ಲಿ ಯಾರು ಏನು ಕಲಿಯೋಕೆ ಸಾಧ್ಯ ಹೇಳಿ.

ಕೋಚ್ ಲ್ಯಾರಿ ಬ್ರೌನ್. ದೊಡ್ಡ ಕೋಚ್, ಅನುಮಾನವೇ ಇಲ್ಲ. ಆದರೆ ಹೊಸ ಹುಡುಗರ ಮೇಲೆ ಅವರಿಗೆ ನಂಬಿಕೆ ಕಡಿಮೆ, ಅದೂ ಎಲ್ಲರಿಗೂ ಗೊತ್ತಿದ್ದ ಮಾತು. ಅದೇ ಜಾಗದಲ್ಲಿ ಆಡೋಕೆ ತಂಡದಲ್ಲಿ ಆಗಲೇ ಬೆನ್ ವಾಲೆಸ್ ಇದ್ದ. ಸೀಸನ್ ನಡುವೆ ರಶೀದ್ ವಾಲೆಸ್ ಬೇರೆ ಬಂದ. 2004ರ ಜೂನ್‌ನಲ್ಲಿ ಲೇಕರ್ಸ್ ತಂಡವನ್ನು 4-1ರಲ್ಲಿ ಸೋಲಿಸಿ ಟ್ರೋಫಿ ಎತ್ತಿದರು. ಹಾಗಾದರೆ ಬ್ರೌನ್ ಮಾಡಿದ್ದು ತಪ್ಪಾ? ಟ್ರೋಫಿ ಇಟ್ಟುಕೊಂಡವರನ್ನು ತಪ್ಪು ಅನ್ನೋದು ಹೇಗೆ? ತಂಡಕ್ಕೆ ಸರಿಯಾದದ್ದು ಹುಡುಗನಿಗೆ ಸರಿಯಾಗಿರಲಿಲ್ಲ, ಅಷ್ಟೇ. ಇವತ್ತಾದರೆ ಇಂಥ ಹುಡುಗನನ್ನು ಕಿರಿಯರ ಲೀಗ್‌ಗೆ ಕಳಿಸಿ ದಿನಕ್ಕೆ 30 ನಿಮಿಷ ಆಡಿಸುತ್ತಾರೆ. ಹಾಗೆ ಕಳಿಸುವ ವ್ಯವಸ್ಥೆ ಶುರುವಾಗಿದ್ದೇ 2005ರಲ್ಲಿ. ಅಷ್ಟೊತ್ತಿಗೆ ಅವನ ಎರಡು ಸೀಸನ್ ಬೆಂಚಿನ ಮೇಲೆ ಕಳೆದಿತ್ತು.

ಇಲ್ಲಿ ನನ್ನ ಒಂದು ಪಾಪ ಒಪ್ಪಿಕೊಳ್ಳುತ್ತೇನೆ. ವರ್ಷಗಳ ಹಿಂದೆ ನನ್ನ ಹತ್ತಿರ ಒಬ್ಬ ಪಿಯುಸಿ ಹುಡುಗ ಇದ್ದ. ಆರಡಿ ಆರಂಗುಲ, ಮೃದುವಾದ ಕೈ. ಆ ವರ್ಷ ನಮ್ಮ ತಂಡ ಗೆಲ್ಲುತ್ತಿತ್ತು. ಗೆಲ್ಲುವ ಐದು ಜನರನ್ನು ನಾನು ಬದಲಾಯಿಸಲಿಲ್ಲ. ಮುಂದಿನ ವರ್ಷ ಆಡಿಸೋಣ ಅಂದುಕೊಂಡೆ. ಮುಂದಿನ ವರ್ಷ ಅವನು ಇಂಜಿನಿಯರಿಂಗ್ ಸೇರಿ ಶೂ ಬಿಚ್ಚಿಟ್ಟ. ಕಪ್ ಈಗಲೂ ಮನೆಯಲ್ಲಿದೆ, ಧೂಳು ಒರೆಸೋಕೆ ಮನಸ್ಸು ಬರೋದಿಲ್ಲ. ಹಾಗಾಗಿ ಡಾರ್ಕೊ ವಿಷಯದಲ್ಲಿ ನಾನು ಸ್ವಲ್ಪ ಪಕ್ಷಪಾತಿ, ಇಟ್ಟುಕೊಳ್ಳಿ.

2006ರ ಫೆಬ್ರವರಿಯಲ್ಲಿ ಅವನನ್ನು ಆರ್ಲಾಂಡೊಗೆ ಕಳಿಸಿದರು. ಅಲ್ಲಿ ಪಂದ್ಯಕ್ಕೆ 20 ನಿಮಿಷ ಸಿಕ್ಕಿತು. ಪಂದ್ಯಕ್ಕೆ ಎರಡು ಬ್ಲಾಕ್, ಅಂದರೆ ಎದುರಾಳಿಯ ಹೊಡೆತ ತಡೆದದ್ದು, ಬಂದವು. ಅದೇ ಹುಡುಗ, ಅದೇ ಕೈ. ಆಮೇಲೆ ಮೆಂಫಿಸ್, ನ್ಯೂಯಾರ್ಕ್, ಮಿನ್ನೆಸೋಟ. 2010-11ರಲ್ಲಿ ಮಿನ್ನೆಸೋಟದಲ್ಲಿ 8.8 ಪಾಯಿಂಟ್, 2 ಬ್ಲಾಕ್ ಸರಾಸರಿ. ದೊಡ್ಡ ಆಟಗಾರ ಅಲ್ಲ, ಒಪ್ಪಿದೆ. ಆದರೆ ಒಟ್ಟು 468 ಪಂದ್ಯ ಆಡಿದವನನ್ನು ‘ಏನೂ ಬಾರದವನು’ ಅನ್ನೋದು ಬಾಯಿಚಪಲ.

ಹಾಗಂತ ಅವನದೇನೂ ತಪ್ಪಿಲ್ಲ ಅಂದುಕೊಳ್ಳಬೇಡಿ. ಆಟ ಬಿಟ್ಟ ಮೇಲೆ ಅವನೇ ಹೇಳಿಕೊಂಡಿದ್ದಾನೆ. ತನ್ನನ್ನು ದೇವರೇ ಕಳಿಸಿದ್ದಾನೆ ಅಂದುಕೊಂಡಿದ್ದೆ, ಜಗಳ ಆಡಿದೆ, ಕುಡಿದು ಪ್ರಾಕ್ಟೀಸಿಗೆ ಹೋದೆ, ಎಲ್ಲರ ಮೇಲಿನ ಹಠಕ್ಕೆ ನನ್ನನ್ನೇ ಹಾಳು ಮಾಡಿಕೊಂಡೆ ಅಂತ. ಕೋಚ್ ಮೇಲೆ ಮುನಿಸಿಕೊಂಡು ಪ್ರಾಕ್ಟೀಸ್ ಕೆಡಿಸಿಕೊಳ್ಳುವ ಹುಡುಗರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತೇನೆ. ಇದು ಸೋಮಾರಿತನ ಅಲ್ಲ, ಅದಕ್ಕಿಂತ ಕೆಟ್ಟ ರೋಗ. ಸೋಮಾರಿಯನ್ನು ಓಡಿಸಬಹುದು, ಮುನಿಸಿಕೊಂಡವನನ್ನು ಆಗೋದಿಲ್ಲ.

ಈಗ ಅದೇ ಸರ್ಬಿಯಾದ ಇನ್ನೊಬ್ಬನನ್ನು ನೋಡಿ. ಡಾರ್ಕೊ ನೋವಿಸಾದ್‌ನವನು. ನಿಕೋಲಾ ಯೋಕಿಚ್ ಅದೇ ಸೀಮೆಯ ಸೊಂಬೋರ್‌ನವನು. 2014ರಲ್ಲಿ ಡೆನ್ವರ್ ಅವನನ್ನು 41ನೆಯವನಾಗಿ ಆರಿಸಿತು. ಕೂಡಲೇ ವಿಮಾನ ಹತ್ತಲಿಲ್ಲ. ಇನ್ನೊಂದು ವರ್ಷ ತನ್ನ ಕ್ಲಬ್‌ನಲ್ಲೇ ಉಳಿದ, ದಿನಾ ಆಡಿದ, ಏಡ್ರಿಯಾಟಿಕ್ ಲೀಗ್‌ನ ಅತ್ಯುತ್ತಮ ಆಟಗಾರನಾದ, ಆಮೇಲೆ ಅಮೆರಿಕಕ್ಕೆ ಹೋಗಿ ದೊಡ್ಡ ತಾರೆಯಾದ. ಅರ್ಜೆಂಟೀನಾದ ಮನು ಜಿನೋಬಿಲಿಯೂ ಹಾಗೇ. 1999ರಲ್ಲಿ 57ನೇ ಆಯ್ಕೆ. ಇಟಲಿಯಲ್ಲಿ ಆಡಿ, 2001ರಲ್ಲಿ ಯೂರೋಲೀಗ್ ಗೆದ್ದು, 2002ರಲ್ಲಿ ಸ್ಯಾನ್ ಆಂಟೋನಿಯೋಗೆ ಬಂದ. ಇಬ್ಬರೂ ಬೆಂದ ಮೇಲೆ ಹೋದವರು. ಡಾರ್ಕೊನನ್ನು ಅಕ್ಕಿ ಬೇಯುವ ಮೊದಲೇ ಬಡಿಸಿದರು.

ನಿಮ್ಮ ಮಗನೋ ಮಗಳೋ ಆಡುತ್ತಿದ್ದರೆ ದೊಡ್ಡ ಕ್ಲಬ್‌ನ ಜೆರ್ಸಿಗೆ ಆಸೆಪಡಬೇಡಿ. ಪಂದ್ಯಕ್ಕೆ ಎಷ್ಟು ನಿಮಿಷ ಆಡಿಸುತ್ತೀರಿ ಅಂತ ಮೊದಲು ಕೇಳಿ. ಉತ್ತರ ಕೊಡದ ಕೋಚ್ ಹತ್ತಿರ ಬಿಡಬೇಡಿ, ನನ್ನ ಹತ್ತಿರವೂ.

ಡಾರ್ಕೊ ಆಮೇಲೆ ಒಂದು ಕಿಕ್‌ಬಾಕ್ಸಿಂಗ್ ಪಂದ್ಯ ಆಡಿ ಸೋತ. ಊರಿಗೆ ಹೋಗಿ ಸೇಬಿನ ತೋಟ ಮಾಡಿದ. ಅದನ್ನೂ ನಗಾಡಿ ಬರೆದಿದ್ದಾರೆ ಒಬ್ಬರು. ತೋಟ ಮಾಡೋದರಲ್ಲಿ ನಗುವಂಥದ್ದು ಏನಿದೆ?

ಡ್ರಾಜೆನ್ ಪೆಟ್ರೊವಿಚ್ ಕೂಡ ಎನ್‌ಬಿಎಯಲ್ಲಿ ಸೋತವನೇ ಅಲ್ಲವೇ? (ಹುಬ್ಬಳ್ಳಿ)

ಅಲ್ಲ. ಅರ್ಧ ಪುಟ ಓದಿ ಪುಸ್ತಕ ಮುಚ್ಚಿದ್ದೀರಿ. ಕ್ರೊಯೇಷಿಯಾದ ಈ ಹುಡುಗ 1989ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಬಂದ. ಅದೂ ಗೆಲ್ಲುತ್ತಿದ್ದ ತಂಡವೇ, ಅಲ್ಲೂ ಬೆಂಚೇ. 1991ರಲ್ಲಿ ನ್ಯೂಜೆರ್ಸಿಗೆ ಹೋದ ಮೇಲೆ ನಿಮಿಷ ಸಿಕ್ಕಿತು. 1992-93ರಲ್ಲಿ ಪಂದ್ಯಕ್ಕೆ 22.3 ಪಾಯಿಂಟ್. 1993ರ ಜೂನ್ 7ರಂದು ಜರ್ಮನಿಯ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. 28 ವರ್ಷ. ಅವನನ್ನು ಫ್ಲಾಪ್‌ಗಳ ಪಟ್ಟಿಗೆ ಸೇರಿಸುವವರ ಜೊತೆ ನಾನು ಕಾಫಿ ಕುಡಿಯೋದಿಲ್ಲ.

ಯುರೋಪಿನವರು ಮೆತ್ತಗೆ, ಅದಕ್ಕೇ ಅಮೆರಿಕದಲ್ಲಿ ನಿಲ್ಲೋದಿಲ್ಲ ಅಂತಾರೆ.

ಯಾರು ಅಂತಾರೋ ಅವರನ್ನು ಯೋಕಿಚ್ ಎದುರು ಐದು ನಿಮಿಷ ನಿಲ್ಲಿಸಿ.

ಗ್ರೀಸ್‌ನ ಸ್ಪಾನೂಲಿಸ್ ಅಷ್ಟು ಒಳ್ಳೆಯ ಆಟಗಾರನಾಗಿದ್ದರೆ ಹ್ಯೂಸ್ಟನ್‌ನಿಂದ ಒಂದೇ ವರ್ಷಕ್ಕೆ ಯಾಕೆ ಓಡಿ ಬಂದ?

2006ರ ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲ್‌ನಲ್ಲಿ ಅಮೆರಿಕದ ಮೇಲೇ 22 ಪಾಯಿಂಟ್ ಹೊಡೆದು ಗೆಲ್ಲಿಸಿದವನನ್ನು ಹ್ಯೂಸ್ಟನ್ ಬೆಂಚ್ ಮೇಲೆ ಕೂರಿಸಿತು. ವಾಪಸ್ ಬಂದು ಮೂರು ಸಲ ಯೂರೋಲೀಗ್ ಗೆದ್ದ. ಓಡಿ ಬಂದದ್ದಲ್ಲ, ಬುದ್ಧಿ ಬಂದದ್ದು.

ಸಬೋನಿಸ್ 22ನೇ ವಯಸ್ಸಿಗೇ ಎನ್‌ಬಿಎಗೆ ಹೋಗಿದ್ದರೆ ಎಲ್ಲರಿಗಿಂತ ದೊಡ್ಡ ಸೆಂಟರ್ ಆಗುತ್ತಿದ್ದನಾ? (ಮಂಗಳೂರು)

‘ಹೋಗಿದ್ದರೆ’, ‘ಆಗಿದ್ದರೆ’ ಪ್ರಶ್ನೆಗಳಿಗೆ ನಾನು ಉತ್ತರ ಕೊಡೋದಿಲ್ಲ. ಆದರೆ ಸಬೋನಿಸ್ ಹೆಸರು ಬಂದರೆ ಸುಮ್ನೆ ಇರೋಕೂ ಆಗೋದಿಲ್ಲ. ಲಿಥುವೇನಿಯಾದವನು, ಏಳಡಿ ಮೂರಂಗುಲ, ಚೆಂಡು ನಡೆಸುವ ಗಾರ್ಡ್‌ಗಳ ಹಾಗೆ ಪಾಸ್ ಕೊಡುತ್ತಿದ್ದ. 1986ರಲ್ಲಿ ಪೋರ್ಟ್‌ಲ್ಯಾಂಡ್ ಆರಿಸಿತು. ಸೋವಿಯತ್ ಸರ್ಕಾರ ಬಿಡಲಿಲ್ಲ. ಅದೇ ಹೊತ್ತಿಗೆ ಅಕಿಲಿಸ್ ಹರಿಯಿತು. ನಮ್ಮ ಹುಡುಗರು ‘ಹಿಮ್ಮಡಿ ನರ’ ಅಂತಾರೆ, ಅದು ನರ ಅಲ್ಲ, ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹಗ್ಗ. ಪೂರ್ತಿ ವಾಸಿಯಾಗುವ ಮೊದಲೇ ಮತ್ತೆ ಹರಿಯಿತು. 1988ರಲ್ಲಿ ಪೋರ್ಟ್‌ಲ್ಯಾಂಡ್‌ನವರೇ ಕರೆಸಿ ಚಿಕಿತ್ಸೆ ಕೊಟ್ಟರು. ಅದೇ ವರ್ಷ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡ ಅವನ ಜೊತೆ ಅಮೆರಿಕವನ್ನೇ ಸೋಲಿಸಿ ಚಿನ್ನ ಗೆದ್ದಿತು! ಕೊನೆಗೆ 1995ರಲ್ಲಿ, 31ಕ್ಕೆ ಕಾಲಿಡುವಾಗ, ಪೋರ್ಟ್‌ಲ್ಯಾಂಡ್‌ಗೆ ಆಡೋಕೆ ಬಂದ. ಅವನ ಎಕ್ಸ್‌ರೇ ನೋಡಿದ ತಂಡದ ವೈದ್ಯರು, ಇದೊಂದನ್ನು ತೋರಿಸಿದರೆ ಅಂಗವಿಕಲರ ಪಾರ್ಕಿಂಗ್ ಜಾಗ ಕೊಡುತ್ತಾರೆ ಅಂದರಂತೆ. ಆ ಕಾಲಲ್ಲೇ ಮೊದಲ ವರ್ಷ 14.5 ಪಾಯಿಂಟ್ ಸರಾಸರಿ.

ಹಿಮ್ಮಡಿಯ ಹಿಂದೆ ‘ಟಪ್’ ಅಂದರೆ ಎಣ್ಣೆ ತಿಕ್ಕುವವರ ಹತ್ತಿರ ಹೋಗಬೇಡಿ. ಮೂಳೆ ಡಾಕ್ಟರ ಹತ್ತಿರ ಹೋಗಿ, ಅವತ್ತೇ. ಎಳೆದು ಸರಿಮಾಡುತ್ತೇನೆ ಅಂದವನ ಕೈಗೆ ಕಾಲು ಕೊಟ್ಟು ಬಂದ ಇಬ್ಬರು ನನ್ನ ಹುಡುಗರು ಈಗ ಸ್ಕೋರ್ ಬರೆಯುತ್ತಾರೆ.

ನಮ್ಮ ಸತ್ನಾಮ್ ಸಿಂಗ್‌ನನ್ನು ಅಮೆರಿಕದವರು ಬೇಕಂತಲೇ ಆಡಿಸಲಿಲ್ಲ ಅಲ್ವಾ? ಮತ್ತೆ ನನ್ನ ಮಗನಿಗೆ ಎತ್ತರ ಬೆಳೆಸುವ ಪೌಡರ್ ಯಾವುದು ಒಳ್ಳೆಯದು? (ತುಮಕೂರು)

ಎರಡು ಪ್ರಶ್ನೆ ಒಟ್ಟಿಗೆ ಕೇಳಿದ್ದು ಒಳ್ಳೆಯದೇ ಆಯಿತು.

ಪಂಜಾಬಿನ ಬಲ್ಲೋಕೆ ಎಂಬ ಸಣ್ಣ ಹಳ್ಳಿಯ ಹುಡುಗ. ಏಳಡಿ ಎರಡಂಗುಲ. 2010ರಲ್ಲಿ ಫ್ಲಾರಿಡಾದ ಅಕಾಡೆಮಿಗೆ ಹೋದ. 2015ರಲ್ಲಿ ಡಲ್ಲಾಸ್ 52ನೆಯವನಾಗಿ ಆರಿಸಿತು. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದವರಲ್ಲಿ ಮೊದಲಿಗ. ಕಿರಿಯರ ಲೀಗ್‌ನಲ್ಲಿ ಆಡಿದ, ಎನ್‌ಬಿಎ ಪಂದ್ಯ ಒಂದೂ ಆಡಲಿಲ್ಲ. ಬೇಕಂತಲೇ ಏನಿಲ್ಲ. ಅಷ್ಟು ಕೆಳಗೆ ಆಯ್ಕೆಯಾದ ಎಷ್ಟೋ ಜನರ ಕಥೆ ಇದೇ. ಜೊತೆಗೆ ಅವನ ಕಾಲ ಮುಗಿಯುತ್ತಿತ್ತು. ಬಾಸ್ಕೆಟ್ ಕೆಳಗೆ ನಿಂತು ಆಡುವ ದೊಡ್ಡ ಮೈಯವರನ್ನು ತಂಡಗಳು ಬಿಡುತ್ತಿದ್ದವು. ಮೂರು ಪಾಯಿಂಟ್ ಗೆರೆವರೆಗೆ ಓಡಿ ಬಂದು ಗಾರ್ಡ್‌ನನ್ನು ತಡೆಯುವವರು ಬೇಕಿತ್ತು.

ಇನ್ನು ಪೌಡರ್. ಇದೇ ಸತ್ನಾಮ್ 2019ರ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನ ಶಿಬಿರದಲ್ಲಿದ್ದಾಗ ಡೋಪ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಹಿಜೆನಮೈನ್ ಎಂಬ ನಿಷೇಧಿತ ವಸ್ತು. ಎರಡು ವರ್ಷ ಆಟದಿಂದ ಹೊರಗೆ. ಅವನೊಳಗೆ ಅದು ಹೇಗೆ ಬಂತೋ ನಾನು ಹೇಳೋದಿಲ್ಲ. ಆದರೆ ಆ ವಸ್ತು ಗಿಡಮೂಲಿಕೆಗಳಲ್ಲೂ ಇರುತ್ತೆ, ಡಬ್ಬಿಯಲ್ಲಿ ಬರುವ ಕೆಲವು ಸಪ್ಲಿಮೆಂಟ್‌ಗಳಲ್ಲೂ ಇರುತ್ತೆ, ‘ನ್ಯಾಚುರಲ್’ ಅನ್ನೋ ಚೀಟಿಯ ಹಿಂದೆ. ಎತ್ತರ ಬೆಳೆಸುವ ಪೌಡರ್ ಅನ್ನೋದು ಭೂಮಿ ಮೇಲೆ ಇಲ್ಲ. ಮೊಟ್ಟೆ, ಕಾಳು, ಹಾಲು, ನಿದ್ದೆ. ಉಳಿದದ್ದು ನೀವೂ ನಿಮ್ಮ ಹೆಂಡತಿಯೂ ಕೊಟ್ಟದ್ದು.

ಎತ್ತರವೇ ಎಲ್ಲ ಅನ್ನೋರಿಗೆ: ಟಾಂಜಾನಿಯಾದ ಹಶೀಮ್ ಥಬೀತ್, ಏಳಡಿ ಮೂರಂಗುಲ, 2009ರಲ್ಲಿ ಎರಡನೇ ಆಯ್ಕೆ. ಏಳನೇ ಆಯ್ಕೆ, ಮುಂದೆ ದೊಡ್ಡ ತಾರೆಯಾದ ಆರಡಿ ಚಿಲ್ಲರೆಯ ಸ್ಟೀಫನ್ ಕರ್ರಿ.

ಒಬ್ಬ ಏಜೆಂಟ್ ನಾಲ್ಕು ಲಕ್ಷ ಕೊಟ್ಟರೆ ಎನ್‌ಬಿಎ ಡ್ರಾಫ್ಟ್‌ಗೆ ಮಗನ ಹೆಸರು ಸೇರಿಸುತ್ತೇನೆ ಅನ್ನುತ್ತಾನೆ. ಕೊಡಬಹುದಾ? (ಊರಿನ ಹೆಸರು ಬೇಡ ಅಂದಿದ್ದಾರೆ)

ಹೊರದೇಶದ ಆಟಗಾರ 22 ತುಂಬುವ ವರ್ಷ ದುಡ್ಡಿಲ್ಲದೆ ತಾನಾಗಿಯೇ ಡ್ರಾಫ್ಟ್‌ಗೆ ಅರ್ಹನಾಗುತ್ತಾನೆ. ನಿಮ್ಮ ಮಗನೂ ಆಗುತ್ತಾನೆ, ನನ್ನ ಪಕ್ಕದ ಮನೆಯ ಹುಡುಗನೂ ಆಗುತ್ತಾನೆ. ಅರ್ಹನಾಗೋದಕ್ಕೂ ಆರಿಸಿಕೊಳ್ಳೋದಕ್ಕೂ ಇರುವ ದೂರವನ್ನು ಆ ಏಜೆಂಟ್ ನಿಮಗೆ ಹೇಳಿಲ್ಲ. ಅಡ್ವಾನ್ಸ್ ಕೊಟ್ಟಿದ್ದರೆ ಇವತ್ತೇ ವಾಪಸ್ ಕೇಳಿ. ಫೋನ್‌ನಲ್ಲಿ ಬೇಡ, ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ ರಸೀದಿ ಹಿಡಿದು ಪೊಲೀಸ್ ಠಾಣೆಗೆ ಹೋಗಿ.