ಮಡಿಕೇರಿಯಲ್ಲಿದ್ದೇನೆ, 58 ವರ್ಷ. ಹಾಫ್ ಮ್ಯಾರಥಾನ್ ಓಡಬಹುದೇ?

ಖಂಡಿತ ಓಡಬಹುದು. ಮೊದಲು ಡಾಕ್ಟರ ಹತ್ತಿರ ಬಿಪಿ, ಶುಗರ್, ಹೃದಯ ಪರೀಕ್ಷೆ ಮಾಡಿಸಿಕೊಳ್ಳಿ. ಓಡಬೇಕಾದ್ದು 21.1 ಕಿಲೋಮೀಟರ್. ಈಗ 5 ಕಿಲೋಮೀಟರ್ ಆರಾಮಾಗಿ ಓಡುತ್ತೀರಾದರೆ ತಯಾರಿಗೆ ನಾಲ್ಕೈದು ತಿಂಗಳು ಇಟ್ಟುಕೊಳ್ಳಿ.

ನಮ್ಮ ಕೊಡಗಿನಲ್ಲಿ ಸಮತಟ್ಟಾದ ರಸ್ತೆ ಸಿಗುವುದೇ ಕಷ್ಟ ಅಲ್ವಾ? ಏರು ಕಂಡರೆ ಎಲ್ಲರಿಗೂ ಭಯ. ಆದರೆ ಮಂಡಿಗೆ ಜಾಸ್ತಿ ಪೆಟ್ಟು ಕೊಡುವುದು ಇಳಿಜಾರು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳೇ ಮೈಭಾರವನ್ನು ತಡೆದು ಹಿಡಿಯಬೇಕು, ಅದಕ್ಕೇ ಮರುದಿನ ಅಷ್ಟು ನೋವು. ಹೆಜ್ಜೆ ಚಿಕ್ಕದಾಗಿಡಿ. ಕಡಿದಾದ ಏರನ್ನು ನಡೆದೇ ಹತ್ತಿ, ಅದರಲ್ಲಿ ನಾಚಿಕೆ ಏನಿಲ್ಲ. ಉದ್ದ ಓಟಕ್ಕೆ ಕುಶಾಲನಗರದ ಕಡೆ ಇಳಿದು ಬನ್ನಿ, ಅಲ್ಲಿ ಏರಿಳಿತ ಕಡಿಮೆ.

ಈ ವಯಸ್ಸಿನಲ್ಲಿ ಮೈ ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಓಡಿದ ಮರುದಿನ ಬಿಡುವು ಕೊಡಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ರಸ್ತೆಗೆ ಇಳಿಯಬೇಡಿ, ಮನೆ ಮೆಟ್ಟಿಲು ಹತ್ತಿದರೆ ಸಾಕು. ಎದೆ ಬಿಗಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.