ಮಾತೇ ಇಲ್ಲದ ಜಾಹೀರಾತಿನಿಂದ ಇಂಗ್ಲಿಷ್ ಕಲಿಸೋದು ಹೇಗೆ?

ನವೆಂಬರ್ ಬಂತೆಂದರೆ ಬ್ರಿಟನ್ನಿನ ದೊಡ್ಡ ಅಂಗಡಿಗಳ ಕ್ರಿಸ್‌ಮಸ್ ಜಾಹೀರಾತುಗಳು ಒಂದೊಂದಾಗಿ ಟಿವಿಗೆ ಬರುತ್ತವೆ. ಅದರ ಬೆನ್ನಿಗೇ ನನಗೆ ಪ್ರಶ್ನೆಗಳೂ ಬರುತ್ತವೆ. ದೊಡ್ಡವರಿಗೆ ಇಂಗ್ಲಿಷ್ ಕಲಿಸುವಾಗ ಈ ಜಾಹೀರಾತುಗಳನ್ನು ನಾನು ತುಂಬಾ ಬಳಸುತ್ತೇನೆ, ಹಾಗಾಗಿ ಬೇರೆ ಶಿಕ್ಷಕರೂ ಕಲಿಯುವವರೂ ಕೇಳುತ್ತಾರೆ. ಕೇಳಲಿ. ಆದರೆ ಪ್ರತಿ ವರ್ಷ ಅವೇ ಐದಾರು ಪ್ರಶ್ನೆ! ಈ ಸಲ ಎಲ್ಲದಕ್ಕೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ವಿಡಿಯೋ ಎಲ್ಲಿ ಹುಡುಕಬೇಕು, ಕ್ಲಾಸಿನಲ್ಲಿ ಹೇಗೆ ಹಾಕಬೇಕು ಅನ್ನೋದೆಲ್ಲ ನಿಮಗೆ ಗೊತ್ತಿದೆ, ಅದನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನೀವು ಹೇಳಿದಿರಿ ಅಂತ ಜಾನ್ ಲೂಯಿಸ್ ಅಂಗಡಿಯ 2011ರ ಜಾಹೀರಾತು ನೋಡಿದೆ. ಅದರಲ್ಲಿ ಯಾರೂ ಮಾತೇ ಆಡುವುದಿಲ್ಲ, ಹಿಂದೆ ಒಂದು ಹಾಡು ಅಷ್ಟೇ. ಇದರಿಂದ ಏನು ಇಂಗ್ಲಿಷ್ ಕಲಿಸೋದು?

ಈ ಪ್ರಶ್ನೆ ನನಗೆ ಅತಿ ಹೆಚ್ಚು ಬರುತ್ತದೆ, ಅತಿ ಹೆಚ್ಚು ಬೇಜಾರು ಮಾಡುವುದೂ ಇದೇ. ಅದರಲ್ಲಿ ಮಾತಿಲ್ಲ ಅಂತಲೇ ನಾನು ಅದನ್ನು ಆರಿಸಿದ್ದು. ಅವರು ಮಾತಾಡದೆ ಬಿಟ್ಟ ಜಾಗದಲ್ಲಿ ನಿಮ್ಮ ವಿದ್ಯಾರ್ಥಿ ಮಾತಾಡಬೇಕು.

ಕಥೆ ಇಷ್ಟೇ. ಒಬ್ಬ ಪುಟ್ಟ ಹುಡುಗ ಕ್ರಿಸ್‌ಮಸ್‌ಗೆ ಕಾಯುತ್ತಿದ್ದಾನೆ. ಗಡಿಯಾರ ನೋಡುತ್ತಾನೆ, ಬೆರಳು ಕುಟ್ಟುತ್ತಾನೆ, ಮಂತ್ರದಂಡ ಹಿಡಿದು ಗಡಿಯಾರವನ್ನು ಓಡಿಸೋಕೆ ನೋಡುತ್ತಾನೆ. ಹಬ್ಬದ ಬೆಳಗ್ಗೆ ಎದ್ದವನು ತನಗೆ ಬಂದ ಉಡುಗೊರೆಗಳ ಕಡೆ ತಿರುಗಿಯೂ ನೋಡುವುದಿಲ್ಲ. ಬೀರು ತೆಗೆದು, ತಾನೇ ಅಡ್ಡಾದಿಡ್ಡಿ ಸುತ್ತಿಟ್ಟ ಒಂದು ಪೊಟ್ಟಣ ಎತ್ತಿಕೊಂಡು ಅಪ್ಪ ಅಮ್ಮನ ಕೋಣೆಗೆ ಹೋಗುತ್ತಾನೆ.

ಬೀರು ತೆಗೆಯುವ ಮೊದಲೇ ವಿಡಿಯೋ ನಿಲ್ಲಿಸಿ. ಈ ಹುಡುಗನಿಗೆ ಯಾಕಿಷ್ಟು ಅವಸರ ಅಂತ ಕೇಳಿ. ಎಲ್ಲರೂ ಹೇಳೋದು ಒಂದೇ: ‘ಹೀ ಈಸ್ ವೇಟಿಂಗ್ ಫಾರ್ ಹಿಸ್ ಪ್ರೆಸೆಂಟ್ಸ್’. ಬೋರ್ಡಿನ ಮೇಲೆ ಬರೆಯಿರಿ, ತಿದ್ದಬೇಡಿ, ಮುಖದಲ್ಲೂ ಏನೂ ತೋರಿಸಬೇಡಿ. ಆಮೇಲೆ ಉಳಿದದ್ದನ್ನು ಹಾಕಿ. ಪೊಟ್ಟಣ ಕೈಗೆ ಬಂದ ಕೂಡಲೇ ಕ್ಲಾಸಿನಲ್ಲಿ ಒಂದು ‘ಓ’ ಕೇಳಿಸುತ್ತದೆ. ಆ ‘ಓ’ ಆರುವ ಮೊದಲೇ ಕೇಳಬೇಕು, ಈಗ ಏನು ಹೇಳುತ್ತೀರಿ?

ಆಗ ಒಬ್ಬರು ಶುರು ಮಾಡುತ್ತಾರೆ: ‘ಐ ಥಾಟ್ ಹೀ ಈಸ್ ವೇಟಿಂಗ್ ಫಾರ್ ಹಿಸ್ ಪ್ರೆಸೆಂಟ್ಸ್, ಬಟ್…’ ನೋಡಿ, ಪಾಠ ಇಲ್ಲೇ ಇದೆ. ಕನ್ನಡದಲ್ಲಿ ‘ಅವನು ಕಾಯ್ತಾ ಇದ್ದಾನೆ ಅಂದ್ಕೊಂಡಿದ್ದೆ’ ಅನ್ನುತ್ತೇವೆ. ಅಂದುಕೊಂಡದ್ದು ಹಿಂದೆ, ಆದರೂ ಒಳಗಿನ ‘ಇದ್ದಾನೆ’ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ ಅದನ್ನೂ ಹಿಂದಕ್ಕೆ ಎಳೆಯಬೇಕು: ‘ಐ ಥಾಟ್ ಹೀ ವಾಸ್ ವೇಟಿಂಗ್’. ಇದನ್ನು ರೂಲ್ ಮಾಡಿ ಬರೆಸಿದರೆ ವಾರದೊಳಗೆ ಮರೆಯುತ್ತಾರೆ. ಇಲ್ಲಿ ಹಾಗಲ್ಲ. ತಾವು ಅಂದುಕೊಂಡದ್ದು ತಪ್ಪಾಯಿತು ಅಂತ ಈಗಷ್ಟೇ ಅವರಿಗೆ ಗೊತ್ತಾಗಿದೆ. ಅದನ್ನು ಹೇಳೋಕೆ ಆ ವಾಕ್ಯ ಬೇಕೇ ಬೇಕು. ಬೇಕಾದ ಹೊತ್ತಿಗೆ ಸಿಕ್ಕ ವಾಕ್ಯ ಉಳಿಯುತ್ತದೆ.

ಕೊನೆಗೆ ತೆರೆಯ ಮೇಲೆ ಒಂದು ಸಾಲು ಬರುತ್ತದೆ: ‘ಫಾರ್ ಗಿಫ್ಟ್ಸ್ ಯು ಕಾಂಟ್ ವೇಟ್ ಟು ಗಿವ್’. ಕನ್ನಡದವರು ಇದನ್ನು ‘ಕಾಯೋಕಾಗಲ್ಲ’ ಅಂತಲೇ ಓದುತ್ತಾರೆ. ನಮ್ಮ ‘ಕಾಯೋಕಾಗಲ್ಲ’ದಲ್ಲಿ ಜಾಸ್ತಿ ಇರೋದು ಸಿಟ್ಟು, ಅವಸರ. ‘ಐ ಕಾಂಟ್ ವೇಟ್ ಟು ಸೀ ಯು’ ಅನ್ನೋದರಲ್ಲಿ ಇರೋದು ಖುಷಿ, ಯಾವಾಗ ನೋಡ್ತೀನೋ ಅನ್ನೋ ಆಸೆ. ಆಮೇಲೆ ಬರುವ ‘ಟು ಸೀ’, ‘ಟು ಗಿವ್’ ಬಿಟ್ಟು ಸುಮ್ನೆ ‘ಐ ಕಾಂಟ್ ವೇಟ್’ ಅಂತ ಕೌಂಟರಿನಲ್ಲಿ ಹೇಳಿದರೆ ಜಗಳಕ್ಕೆ ಬಂದ ಹಾಗಿರುತ್ತದೆ. ಇಷ್ಟೆಲ್ಲ ಒಂದೇ ಸಾಲಿನಲ್ಲಿದೆ, ಅಲ್ವಾ? ಇನ್ನೂ ಏನು ಬೇಕು?

ಒಂದು ತಪ್ಪು ಮಾತ್ರ ಮಾಡಬೇಡಿ. ಮೊದಲೇ ಇಪ್ಪತ್ತು ಪದಗಳ ಪಟ್ಟಿ ಕೊಟ್ಟು, ಅರ್ಥ ಬರೆಸಿ, ಆಮೇಲೆ ವಿಡಿಯೋ ಹಾಕುವವರಿದ್ದಾರೆ. ಪಟ್ಟಿಯಲ್ಲಿ ‘ಸರ್‌ಪ್ರೈಸ್’, ‘ಪೇರೆಂಟ್ಸ್’ ಅಂತ ಬರೆದರೆ ಕಥೆ ಅಲ್ಲಿಗೇ ಮುಗಿಯಿತು. ಆ ‘ಓ’ ಹೋಯಿತು, ಅದರ ಜೊತೆ ಆ ವಾಕ್ಯವೂ ಹೋಯಿತು.

ಪ್ರಶ್ನೆ: ಪೋಲೆಂಡಿನ ತಾತನ ಜಾಹೀರಾತು ತೋರಿಸಬಹುದಾ? ನೋಡಿದವರೆಲ್ಲ ಅಳುತ್ತಾರಂತೆ.

ಅದು ಅಲೆಗ್ರೋ ಅನ್ನುವ ಆನ್‌ಲೈನ್ ಅಂಗಡಿಯದ್ದು, 2016ರದ್ದು. ಒಬ್ಬ ತಾತ ಇಂಗ್ಲಿಷ್ ಕಲಿಯುವ ಪುಸ್ತಕ ತರಿಸಿಕೊಂಡು, ಮನೆಯ ಸಾಮಾನಿಗೆಲ್ಲ ಹೆಸರು ಬರೆದ ಚೀಟಿ ಅಂಟಿಸುತ್ತಾನೆ. ಯಾಕೆ ಅಂತ ಕೊನೆಗೇ ಗೊತ್ತಾಗೋದು. ಬ್ರಿಟನ್ನಿಗೆ ಹೋಗಿ, ಪುಟ್ಟ ಮೊಮ್ಮಗಳ ಮುಂದೆ ಬಗ್ಗಿ, ತಾನು ಅವಳ ತಾತ ಅಂತ ಇಂಗ್ಲಿಷಿನಲ್ಲಿ ಹೇಳುತ್ತಾನೆ. ಇದಕ್ಕಿಂತ ಒಳ್ಳೆಯ ಕಾರಣ ಕಲಿಕೆಗೆ ಇನ್ನೇನಿದೆ? ತೋರಿಸಿ.

ಆದರೆ ಮೊದಲು ನಿಮ್ಮ ಕ್ಲಾಸಿನಲ್ಲಿ ಯಾರಿದ್ದಾರೆ ಅಂತ ತಿಳಿದುಕೊಳ್ಳಿ. ನಾನು ಒಮ್ಮೆ ಯೋಚಿಸದೆ ಹಾಕಿದ್ದೆ. ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಹಿರಿಯರು ಪುಸ್ತಕ ಮುಚ್ಚಿ ಎದ್ದು ಹೋದರು. ಅವರ ಮಗ ಪರದೇಶದಲ್ಲಿದ್ದ, ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಮುಂದಿನ ವಾರ ಅವರು ಬಂದರು, ನಾನು ಕ್ಷಮೆ ಕೇಳಿದೆ. ಅಂದಿನಿಂದ ಅಳಿಸುವ ಜಾಹೀರಾತು ಹಾಕುವ ಮುಂಚೆ ಅದರಲ್ಲಿ ಏನಿದೆ ಅಂತ ಎರಡು ಮಾತು ಹೇಳುತ್ತೇನೆ. ಕೊನೆಯ ತಿರುವು ಸ್ವಲ್ಪ ಕೆಟ್ಟರೂ ಪರವಾಗಿಲ್ಲ.

ಪ್ರಶ್ನೆ: ಸಬ್‌ಟೈಟಲ್ ಹಾಕಿಕೊಂಡು ದಿನಾ ಹತ್ತು ಜಾಹೀರಾತು ನೋಡಿದರೆ 30 ದಿನದಲ್ಲಿ ಇಂಗ್ಲಿಷ್ ಬರುತ್ತದೆ ಅಂತ ಒಂದು ಕೋರ್ಸಿನವರು ಹೇಳಿದರು. ಸೇರಲಾ?

ಬೇಡ. ಮೂವತ್ತು ದಿನದಲ್ಲಿ ಭಾಷೆ ಬರುತ್ತದೆ ಅನ್ನುವವರು ನಿಮ್ಮ ಭಯ ನೋಡಿ ದುಡ್ಡು ಮಾಡುವವರು. ಸುಮ್ನೆ ನೋಡುತ್ತಾ ಕೂತರೆ ನೋಡಿದ್ದಷ್ಟೇ ಬರುತ್ತದೆ, ಬಾಯಿ ತೆರೆಯುವುದಿಲ್ಲ. ಮಲಗಿದಾಗ ಕಿವಿಗೆ ಹಾಕಿಕೊಳ್ಳಿ ಅನ್ನುವವರನ್ನೂ ನಂಬಬೇಡಿ. ಒಂದೇ ಜಾಹೀರಾತು ನೋಡಿ, ಆ ಕಥೆಯನ್ನು ಮೂರು ಜನರಿಗೆ ಇಂಗ್ಲಿಷಿನಲ್ಲಿ ಹೇಳಿ. ಮೂರನೇ ಸಲಕ್ಕೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಪ್ರಶ್ನೆ: ಕೋಕಾಕೋಲಾದ ಕ್ರಿಸ್‌ಮಸ್ ಜಾಹೀರಾತಿನಲ್ಲಿ ಲಾರಿಗಳು ಬರುವಾಗಿನ ಹಾಡಿನಲ್ಲಿ ‘ಹಾಲಿಡೇಸ್ ಆರ್ ಕಮಿಂಗ್’ ಅಂತಿದೆ. ‘ವಿಲ್ ಕಮ್’ ಅಲ್ವಾ ಸರಿ?

‘ಆರ್ ಕಮಿಂಗ್’ ಸರಿಯಾಗಿಯೇ ಇದೆ. ಹಬ್ಬ ಆಗಲೇ ಹೊರಟು ದಾರಿಯಲ್ಲಿದೆ ಅನ್ನುವ ಭಾವ ಅದು. ನಾವೂ ‘ಹಬ್ಬ ಬರ್ತಾ ಇದೆ’ ಅಂತೀವಲ್ಲ, ಹಾಗೆ. ಕ್ರಿಸ್‌ಮಸ್ ಕಾಲಕ್ಕೆ ‘ಹಾಲಿಡೇಸ್’ ಅನ್ನೋದು ಮಾತ್ರ ಅಮೆರಿಕದ ರೂಢಿ.

ಪ್ರಶ್ನೆ: ಬ್ರಿಟಿಷ್ ಉಚ್ಚಾರಣೆ ಕಲಿಸಬೇಕಾ, ಅಮೆರಿಕನ್ನಾ?

ಮೊದಲು ಮಾತಾಡಿಸಿ.

ಪ್ರಶ್ನೆ: ಜಾಹೀರಾತು ತೋರಿಸಿದರೆ ಅಂಗಡಿಗೆ ಪ್ರಚಾರ ಕೊಟ್ಟ ಹಾಗಾಗುವುದಿಲ್ಲವೇ?

ಆಗುತ್ತದೆ. ಅದಕ್ಕೇ ಕೊನೆಯ ಐದು ನಿಮಿಷ ಇದಕ್ಕೆ ಮೀಸಲಿಡಿ: ಇದರಲ್ಲಿ ಮಾರುತ್ತಿರೋದು ಏನು, ಯಾರಿಗೆ, ನಿಮ್ಮ ಕಣ್ಣಲ್ಲಿ ನೀರು ಬಂದದ್ದು ಯಾವ ಕ್ಷಣಕ್ಕೆ, ಅಂಗಡಿಯ ಹೆಸರು ಬಂದದ್ದು ಯಾವಾಗ? ಉತ್ತರವನ್ನು ಇಂಗ್ಲಿಷಿನಲ್ಲೇ ಹೇಳಲಿ. ಆ ಹೊತ್ತಿಗೆ ಕ್ಲಾಸಿನಲ್ಲಿ ಅತಿ ಕಡಿಮೆ ಮಾತಾಡುವವರೂ ಕೈ ಎತ್ತಿರುತ್ತಾರೆ.