ಹಳೆಯ ಜಾಗಗಳು, ಮರಗಿಡಗಳ ನಡುವೆ ಓಡಾಡಿದರೆ ಮನಸ್ಸು ನಿಜಕ್ಕೂ ಹಗುರಾಗುತ್ತದಾ?

ನಿದ್ದೆ ಬರುತ್ತಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಸುತ್ತಮುತ್ತಲಿನ ಹಳೆಯ ಜಾಗ, ಗಿಡಮರ ನೋಡಿಕೊಂಡು ಬಾ ಅಂತ ಎಲ್ಲರೂ ಹೇಳುತ್ತಾರೆ, ಇದೆಲ್ಲ ಬರೀ ಬಾಯಿಮಾತಾ ಅಂತ ಕೇಳಿದ್ದೀರಿ. ಬಾಯಿಮಾತಲ್ಲ. ಆದರೆ ಸಲಹೆ ಕೊಡುವವರು ಎಡವುವುದು ಆ ‘ನೋಡಿಕೊಂಡು ಬಾ’ ಅನ್ನುವಲ್ಲೇ. ನಾನೂ ಹೋಗಿ ನೋಡಿಕೊಂಡು ಬಂದಿದ್ದೆ, ಏನೂ ಆಗಲಿಲ್ಲ. ಅಲ್ಲಿ ಕೈಗೊಂದು ಕೆಲಸ ಸಿಕ್ಕ ಮೇಲೆ ಆಯಿತು.

ಅಮ್ಮ ತೀರಿಕೊಂಡ ಮೇಲೆ ಐದಾರು ತಿಂಗಳು ನಾನೂ ಹೆಚ್ಚುಕಡಿಮೆ ನಿಮ್ಮ ಹಾಗೇ ಇದ್ದೆ. ಗೆಳೆಯನೊಬ್ಬ ಬಲವಂತವಾಗಿ ಭಾನುವಾರದ ಒಂದು ಗುಂಪಿಗೆ ಎಳೆದುಕೊಂಡು ಹೋದ. ಒಂದು ಹಳೆಯ ಕಲ್ಲುಗೋಡೆ, ಅದರ ಪಕ್ಕ ಒಂದಷ್ಟು ದೊಡ್ಡ ಮರಗಳು. ಗೋಡೆಯ ಮೇಲಿನ ಬರಹವನ್ನು ನೋಡಿ ಬರೆದುಕೊಳ್ಳುವುದು, ಮರಗಳ ಸುತ್ತಳತೆ ತೆಗೆಯುವುದು, ಇಷ್ಟೇ ಕೆಲಸ. ಮೊದಲ ದಿನವೇ ಎಡವಟ್ಟು ಮಾಡಿದೆ. ಕಲ್ಲಿನ ಮೇಲೆ ಬೂದಿಬಣ್ಣದ ಕಲ್ಲುಹೂವು ಹಬ್ಬಿತ್ತು. ಕೊಳೆ ಅಂದುಕೊಂಡು ತಂತಿ ಬ್ರಷ್ಷಿನಿಂದ ಉಜ್ಜತೊಡಗಿದೆ. ಹಿರಿಯರೊಬ್ಬರು ಹಿಂದಿನಿಂದ ಬಂದು ಕೈ ಹಿಡಿದುಕೊಂಡರು. ‘ಅಕ್ಷರಾನೂ ಹೋಗುತ್ತೆ ಕಣಪ್ಪಾ’ ಅಂದರು, ಅಷ್ಟೇ. ಕಲ್ಲುಹೂವಿನ ಕೆಲವು ಬಗೆಗಳು ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ ಅಂತ ಆಮೇಲೆ ತಿಳಿಯಿತು. ನಾನು ಅರ್ಧ ನಿಮಿಷದಲ್ಲಿ ಕೆರೆದು ಹಾಕಿದ್ದು ಎಷ್ಟು ವರ್ಷದ್ದೋ! ಆ ರಾತ್ರಿಯೂ ಬೇಗ ನಿದ್ದೆ ಬರಲಿಲ್ಲ ಅನ್ನಿ, ಆದರೆ ಎಷ್ಟೋ ದಿನಗಳ ಮೇಲೆ ನನ್ನ ದುಃಖ ಬಿಟ್ಟು ಬೇರೊಂದನ್ನು ಯೋಚಿಸುತ್ತಾ ಮಲಗಿದ್ದೆ.

ಮುಂದಿನ ವಾರ ಅದೇ ಗೋಡೆ. ಈ ಸಲ ಮೆತ್ತನೆಯ ಬ್ರಷ್ಷು. ಟಾರ್ಚನ್ನು ಓರೆಯಾಗಿ ಹಿಡಿದರೆ ಸವೆದ ಅಕ್ಷರದ ಗೆರೆಗಳಲ್ಲಿ ನೆರಳು ಬಿದ್ದು ಓದಲು ಬರುತ್ತದೆ. ಒಂದು ಸಾಲಿನಲ್ಲಿ ಕೆತ್ತಿದವನು ಅಕ್ಷರವೊಂದನ್ನು ಬಿಟ್ಟು, ಆಮೇಲೆ ನೆನಪಾಗಿ ಮೇಲ್ಗಡೆ ಚಿಕ್ಕದಾಗಿ ತುರುಕಿದ್ದ. ನಗು ಬಂತು. ಶತಮಾನಗಳ ಹಿಂದೆ ಯಾರೋ ಬಿಸಿಲಲ್ಲಿ ಕೂತು ‘ಅಯ್ಯೋ’ ಅಂದುಕೊಂಡ ಗಳಿಗೆ ಹಾಗೇ ಕಲ್ಲಿನಲ್ಲಿ ಉಳಿದುಬಿಟ್ಟಿತ್ತು. ಪರಂಪರೆ ಅಂದರೆ ಹೆಮ್ಮೆ, ವೈಭವ ಅಂತ ಭಾಷಣ ಮಾಡುವವರಿಗೆ ಇದನ್ನೊಮ್ಮೆ ತೋರಿಸಬೇಕು. ನನಗೆ ಸಮಾಧಾನ ಕೊಟ್ಟದ್ದು ವೈಭವ ಅಲ್ಲ, ಆ ತಪ್ಪು.

ಇದು ನನ್ನೊಬ್ಬನ ಕಥೆ ಆಯಿತು. ಅಧ್ಯಯನಗಳೂ ಇವೆ. ರೋಜರ್ ಉಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದು ಬಹಳ ಹೆಸರಾದದ್ದು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಜನ, ಬರೀ ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಜನರಿಗಿಂತ ಸ್ವಲ್ಪ ಬೇಗ ಮನೆಗೆ ಹೋದರು, ಅವರಿಗೆ ನೋವು ತಗ್ಗಿಸುವ ಬಲವಾದ ಔಷಧವೂ ಕಡಿಮೆ ಸಾಕಾಯಿತು. ಪುಟ್ಟ ಅಧ್ಯಯನ, ಅದರ ಮೇಲೆ ಅರಮನೆ ಕಟ್ಟುವುದು ಬೇಡ. 2019ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನ ಸುಮಾರು 20,000 ಜನರದ್ದು. ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರಲ್ಲಿ ಆರೋಗ್ಯ ಚೆನ್ನಾಗಿದೆ, ನೆಮ್ಮದಿಯಾಗಿದ್ದೇವೆ ಅಂದವರು ಹೆಚ್ಚು. ಆ 120 ನಿಮಿಷ ಒಂದೇ ದಿನವೋ, ನಾಲ್ಕು ದಿನಕ್ಕೆ ಹಂಚಿಯೋ ಅನ್ನುವುದರಿಂದ ವ್ಯತ್ಯಾಸ ಕಾಣಲಿಲ್ಲ. ಚೆನ್ನಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರಲ್ಲವಾ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ, ಒಂದೇ ಸಲದ ಸಮೀಕ್ಷೆ ಅದನ್ನು ಪೂರ್ತಿ ಬಗೆಹರಿಸಲಾರದು.

ಯಾಕೆ ಹೀಗಾಗುತ್ತದೆ ಅನ್ನುವುದಕ್ಕೆ ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕ್ಯಾಪ್ಲನ್ ದಂಪತಿ ಕೊಟ್ಟ ವಿವರಣೆ ನನಗೆ ಹಿಡಿಸಿತು. ಲೆಕ್ಕ ಮಾಡುವಾಗ, ಕಡತ ಓದುವಾಗ ಗಮನವನ್ನು ಕಟ್ಟಿಹಾಕಿ ಕೂರಿಸುತ್ತೇವೆ, ಅದು ದಣಿಯುತ್ತದೆ. ಎಲೆ ಅಲುಗುವುದು, ನೀರು ಹರಿಯುವುದು ಅದೇ ಗಮನವನ್ನು ತಾವಾಗಿ ಮೆಲ್ಲಗೆ ಸೆಳೆಯುತ್ತವೆ. ದಣಿದದ್ದಕ್ಕೆ ಬಿಡುವು ಸಿಗುತ್ತದೆ.

ಪರಂಪರೆಯ ಕಡೆಯಿಂದ ಒಂದು ಉದಾಹರಣೆ ಹೇಳುತ್ತೇನೆ. ಬ್ರಿಟನ್ನಿನಲ್ಲಿ ‘ಆಪರೇಷನ್ ನೈಟಿಂಗೇಲ್’ ಅಂತ ಇದೆ, ಗಾಯಗೊಂಡ ಸೈನಿಕರನ್ನು ಪುರಾತತ್ವ ಉತ್ಖನನಕ್ಕೆ ಸೇರಿಸಿಕೊಳ್ಳುವ ಕಾರ್ಯಕ್ರಮ. ಕರಣೆಯಿಂದ ಮಣ್ಣನ್ನು ಪದರ ಪದರವಾಗಿ ಕೆರೆಯಬೇಕು, ಜರಡಿ ಹಿಡಿಯಬೇಕು, ಸಿಕ್ಕಿದ್ದನ್ನು ಬರೆದಿಡಬೇಕು, ಪಕ್ಕದವನ ಜೊತೆ ಹೊಂದಿಕೊಂಡು ಹೋಗಬೇಕು. ಯಾರೂ ಎದುರು ಕೂರಿಸಿಕೊಂಡು ‘ಈಗ ಹೇಗನಿಸುತ್ತಿದೆ’ ಅಂತ ಕೇಳುವುದಿಲ್ಲ. ಮಾತು ಬಂದರೆ ಮಣ್ಣು ನೋಡುತ್ತಲೇ ಆಡಬಹುದು. ನಮ್ಮ ಗುಂಪಿನಲ್ಲಿ ಅಮ್ಮನ ವಿಷಯ ನಾನು ಬಾಯಿಬಿಟ್ಟದ್ದೂ ಹಾಗೇ, ಟೇಪಿನ ಒಂದು ತುದಿ ಹಿಡಿದುಕೊಂಡು.

ಎಲ್ಲ ಹಳೆಯ ಜಾಗವೂ ಎಲ್ಲರಿಗೂ ನೆಮ್ಮದಿ ಕೊಡುವುದಿಲ್ಲ. ಕೆಲವು ಕಡೆ ಕೆಟ್ಟ ನೆನಪುಗಳಿರುತ್ತವೆ, ಅಂಥಲ್ಲಿಗೆ ಹೋಗಲೇಬೇಕೆಂದಿಲ್ಲ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದಿದ್ದರೆ ಮೊದಲು ವೈದ್ಯರನ್ನು ನೋಡಿ. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬೇಡಿ. ನಾನೂ ಆಗ ಮಾತ್ರೆ ತೆಗೆದುಕೊಳ್ಳುತ್ತಿದ್ದೆ, ಗೋಡೆ ಸಿಕ್ಕಿತು ಅಂತ ನಿಲ್ಲಿಸಲಿಲ್ಲ.

ಶುರು ಮಾಡುವುದಾದರೆ ಹತ್ತು ಜಾಗ ಸುತ್ತಬೇಡಿ. ನಡೆದು ಹೋಗುವಷ್ಟು ಹತ್ತಿರದ ಒಂದೇ ಮರ ಹಿಡಿದುಕೊಳ್ಳಿ. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆದು, ತಾರೀಖು ಹಾಕಿ ಬರೆದಿಡಿ, ಮುಂದಿನ ವರ್ಷ ಅಲ್ಲೇ ಮತ್ತೆ ಅಳೆಯಿರಿ. ದರ್ಜಿಗಳ ಬಟ್ಟೆ ಟೇಪು ಒಯ್ಯಿರಿ, ಬಡಗಿಗಳ ಲೋಹದ ಟೇಪು ಕಾಂಡಕ್ಕೆ ಸರಿಯಾಗಿ ಸುತ್ತಿಕೊಳ್ಳುವುದಿಲ್ಲ. ದೊಡ್ಡ ಮರವಾದರೆ ಇನ್ನೂ ಉದ್ದದ ಟೇಪು ಬೇಕು, ಅದರ ಇನ್ನೊಂದು ತುದಿ ಹಿಡಿಯಲು ಯಾರನ್ನಾದರೂ ಕರೆಯಲೇಬೇಕಾಗುತ್ತದೆ.